ಅರ್ಧಕ್ಕೆ ನಿಂತ ಲೆಕ್ಕ: ಖಿನ್ನತೆಯಲ್ಲಿದ್ದ ಒಬ್ಬ ವಿದ್ಯಾರ್ಥಿ, ನನ್ನ ಅನುಭವ

2024ರ ಸೆಪ್ಟೆಂಬರ್. ಹತ್ತನೇ ತರಗತಿಯ ಅರ್ಧವಾರ್ಷಿಕ ಗಣಿತ ಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದೆ. ಒಂದು ಪ್ರಶ್ನೆ ಹೀಗಿತ್ತು: 5, 8, 11... ಈ ಸಮಾಂತರ ಶ್ರೇಢಿಯ ಮೊದಲ 20 ಪದಗಳ ಮೊತ್ತ ಕಂಡುಹಿಡಿಯಿರಿ. ಒಬ್ಬ ಹುಡುಗ ಮೊದಲ ಪದ ಬರೆದಿದ್ದ, ಸಾಮಾನ್ಯ ವ್ಯತ್ಯಾಸ ಬರೆದಿದ್ದ, ಸೂತ್ರ ಬರೆದಿದ್ದ. ಬೆಲೆಗಳನ್ನೂ ಸರಿಯಾಗಿ ಹಾಕಿದ್ದ. ಕೊನೆಗೆ 10 ಗುಣಿಲೆ, ಆವರಣದಲ್ಲಿ 10 ಕೂಡಿಸು 57 ಅಂತ ಬಂದು ನಿಂತಿದ್ದ. ಅಷ್ಟೇ. 67ನ್ನು ಹತ್ತರಿಂದ ಗುಣಿಸಿ 670 ಅಂತ ಬರೆಯುವುದು ಮಾತ್ರ ಬಾಕಿ. ಐದನೇ ಕ್ಲಾಸಿನ ಮಗು ಮಾಡುವ ಕೆಲಸ. ಅದರ ಕೆಳಗೆ ಅರ್ಧ ಪುಟ ಖಾಲಿ.

ಈ ಹುಡುಗ ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 66 ತೆಗೆದಿದ್ದ. ಈಗ ಬಂದಿದ್ದು 19.

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವರ್ಷ ಅವನ ತರಗತಿ ಶಿಕ್ಷಕಿಯೂ ನಾನೇ. ಇದನ್ನು ಬರೆಯಲು ಅವನೂ ಅವನ ಅಮ್ಮನೂ ಒಪ್ಪಿದ್ದಾರೆ. ಹೆಸರು ಬೇಡ, ಊರೂ ಬೇಡ.

ಮೊದಲು ನನ್ನ ತಪ್ಪು ಹೇಳಬೇಕು. ಜುಲೈನಿಂದಲೇ ಅವನು ಕೊನೆಯ ಬೆಂಚಿನಲ್ಲಿ ತಲೆ ಇಟ್ಟು ಮಲಗುತ್ತಿದ್ದ. ವಾರದಲ್ಲಿ ಎರಡು ದಿನ ತಲೆನೋವು ಅನ್ನುತ್ತಿದ್ದ. ಮೊದಲು ಮಾತಿಗೊಂದು ನಗು ಇದ್ದ ಹುಡುಗ, ಸಣ್ಣ ವಿಷಯಕ್ಕೆ ಸ್ನೇಹಿತರ ಮೇಲೆ ರೇಗಾಡುತ್ತಿದ್ದ. ಒಂದು ದಿನ ಜ್ಯಾಮಿಟ್ರಿ ಬಾಕ್ಸನ್ನು ಗೋಡೆಗೆ ಎಸೆದ. ಸ್ಟಾಫ್ ರೂಮಿನಲ್ಲಿ ಕಾರಣಗಳು ಸಿದ್ಧವಾಗಿದ್ದವು. ಮೊಬೈಲ್ ಚಟ, ವಯಸ್ಸಿನ ಕೊಬ್ಬು, ಯಾರೋ ಹುಡುಗಿ ಇರಬೇಕು. ನಾನೂ ಒಪ್ಪಿದೆ. ಆಗಸ್ಟಿನಲ್ಲಿ ಅವನನ್ನು ಕ್ಲಾಸಿನ ಮುಂದೆ ನಿಲ್ಲಿಸಿ, "ಎಷ್ಟು ಚೆನ್ನಾಗಿದ್ದವನು ಎಷ್ಟು ಸೋಮಾರಿ ಆಗಿದ್ದೀಯ ನೋಡು" ಅಂದೆ. ಅಪ್ಪನನ್ನು ಕರೆಸಿದೆ. ಅವರು ಗೇಟಿನ ಹತ್ತಿರವೇ ಮಗನ ಕೆನ್ನೆಗೆ ಹೊಡೆದರು. ವರಾಂಡದಲ್ಲಿ ನಿಂತು ನೋಡಿದೆ. ಅವನು ಅಳಲಿಲ್ಲ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಅದು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ.

ಆ 670ರ ಲೆಕ್ಕ ನೋಡಿದ ಮೇಲೆ ನಾನು ಉಳಿದ ವಿಷಯಗಳ ಪತ್ರಿಕೆಗಳನ್ನೂ ಕೇಳಿ ತರಿಸಿಕೊಂಡೆ. ಸಮಾಜ ವಿಜ್ಞಾನದಲ್ಲಿ ಒಂದು ಅಂಕದ ಉತ್ತರಗಳು ಹೆಚ್ಚುಕಡಿಮೆ ಎಲ್ಲ ಸರಿ. ನಾಲ್ಕು ಅಂಕದವು ಎಲ್ಲ ಖಾಲಿ. ಕನ್ನಡ ಪ್ರಬಂಧ ಚೆನ್ನಾಗಿಯೇ ಶುರುವಾಗಿ ನಾಲ್ಕನೇ ಸಾಲಿಗೆ ನಿಂತಿತ್ತು. ಅಕ್ಷರ ಪುಟದಿಂದ ಪುಟಕ್ಕೆ ಚಿಕ್ಕದಾಗುತ್ತಾ ಹೋಗಿತ್ತು. ಓದದ ಮಗುವಿನ ಪತ್ರಿಕೆ ಹೀಗಿರುವುದಿಲ್ಲ. ಓದದವರು ಸೂತ್ರವನ್ನೇ ತಪ್ಪು ಬರೆಯುತ್ತಾರೆ, ಇಲ್ಲವೇ ಏನಾದರೂ ಕತೆ ಕಟ್ಟಿ ಪುಟ ತುಂಬಿಸುತ್ತಾರೆ. ಇವನಿಗೆ ಗೊತ್ತಿದ್ದದ್ದು ಎಲ್ಲೂ ಹೋಗಿರಲಿಲ್ಲ. ಗೊತ್ತಿದ್ದದ್ದನ್ನು ಕೊನೆಯವರೆಗೆ ಹಿಡಿದುಕೊಂಡು ಹೋಗುವ ಶಕ್ತಿ ಹೋಗಿತ್ತು. 19 ಅನ್ನುವ ಸಂಖ್ಯೆ ನನಗೆ ಇದನ್ನು ಹೇಳಿರಲಿಲ್ಲ. ಹಾಜರಿ ಪುಸ್ತಕ ತೆಗೆದರೆ ಜೂನ್‌ನಲ್ಲಿ 2 ದಿನ ಗೈರು, ಜುಲೈನಲ್ಲಿ 4, ಆಗಸ್ಟ್‌ನಲ್ಲಿ 7.

ನನಗೆ ಅನುಮಾನ ಬಂತು. ಆದರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಅವನ ಹತ್ತಿರ ಮಾತಾಡುವ ಮೊದಲು, ಒಂದು ಭಾನುವಾರ ಸಂಜೆ ನಾನೇ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇದ್ದವರೇ ಮಾಡಬೇಕು ಅಂತೇನಿಲ್ಲ, ನನ್ನಂಥವರೂ ಕೇಳಬಹುದು. ಆ ಕಡೆಯ ಹೆಣ್ಣುಮಗಳು ಎರಡು ಮಾತು ಹೇಳಿದರು. ಒಂದು, ಈ ವಯಸ್ಸಿನ ಮಕ್ಕಳಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕಿಲ್ಲ, ಸಿಟ್ಟಾಗಿ ಬರಬಹುದು, ತಲೆನೋವು ಹೊಟ್ಟೆನೋವಾಗಿ ಬರಬಹುದು. ಇನ್ನೊಂದು, ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎರಡನೇ ಮಾತು ನಂಬಲು ನನಗೆ ಒಂದು ರಾತ್ರಿ ಬೇಕಾಯಿತು.

ಸ್ಟಾಫ್ ರೂಮಿಗೆ ಕರೆದಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಬಿಸಿಯೂಟ ಆದಮೇಲೆ ಗಣಿತದ ಕಿಟ್ ಜೋಡಿಸಲು ಸಹಾಯ ಬೇಕು ಅಂತ ಕರೆದೆ. ಎರಡು ದಿನ ಬರೀ ಕೆಲಸ. ಏನೂ ಕೇಳಲಿಲ್ಲ. ಮೂರನೇ ದಿನ ಅವನ ಪತ್ರಿಕೆ ತೆಗೆದು ಆ ಲೆಕ್ಕ ತೋರಿಸಿದೆ. "ಇಲ್ಲಿವರೆಗೂ ಎಲ್ಲ ಸರಿ ಇದೆ ಕಣಪ್ಪ. ಇಲ್ಲಿ ಏನಾಯ್ತು?"

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಏನು ಮಾಡ್ತಿದ್ದೆ ಅನ್ನೋದೇ ಮರೆತುಹೋಯ್ತು ಮಿಸ್. ಮತ್ತೆ ಮೇಲಿಂದ ಓದಿದೆ. ಮತ್ತೆ ಮರೆತುಹೋಯ್ತು. ಒಂದೇ ಸಾಲನ್ನ ನಾಲ್ಕು ಸಲ ಓದಿದ್ರೂ ಒಳಗೆ ಹೋಗಲ್ಲ" ಅಂದ. ರಾತ್ರಿ ಮೂರಕ್ಕೇ ಎಚ್ಚರ ಆಗುತ್ತಂತೆ. ಕ್ರಿಕೆಟ್ ಬಿಟ್ಟು ಮೂರು ತಿಂಗಳಾಯಿತಂತೆ. "ಆಡೋಕೆ ಹೋದ್ರೂ ಏನೂ ಅನ್ಸಲ್ಲ ಮಿಸ್."

ಗಂಟಲು ಒಣಗಿತ್ತು, ಆದರೂ ಕೇಳಿದೆ. "ಸತ್ತುಹೋಗಬೇಕು ಅನ್ನಿಸುತ್ತಾ?"

"ಬೆಳಗ್ಗೆ ಏಳದೇ ಇದ್ರೇ ಚೆನ್ನಾಗಿರುತ್ತೆ ಅನ್ಸುತ್ತೆ ಒಂದೊಂದು ಸಲ. ಏನೂ ಮಾಡ್ಕೊಳ್ಳೋಕೆ ಹೋಗಿಲ್ಲ."

ಹೇಳಿದ್ದು ಒಳ್ಳೇದಾಯಿತು ಅಂದೆ. ಇದೊಂದನ್ನು ಮಾತ್ರ ಗುಟ್ಟಾಗಿ ಇಡಲು ಆಗುವುದಿಲ್ಲ, ಅಮ್ಮನಿಗೆ ಹೇಳಲೇಬೇಕು ಅಂತಲೂ ಅಂದೆ. ಅವನಿಗೆ ಸಿಟ್ಟು ಬಂತು. ಎರಡು ದಿನ ನನ್ನ ಮುಖ ನೋಡಲಿಲ್ಲ. ಆದರೂ ಯಾರಿಗೂ ಹೇಳಲ್ಲ ಅಂತ ಮೊದಲೇ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದೇ ಸರಿ.

ಅವತ್ತೇ ಸಂಜೆ ಮನೆಗೆ ಹೋದೆ. ಅವನ ಕೈಯಲ್ಲಿ ಹೊಸ ತಾಯಿತ ಇತ್ತು. "ಗಾಳಿ ಗೀಳಿ ಸೋಕೈತೇನೋ ಅಂತ ಕಟ್ಟಿಸಿದ್ವಿ ಮೇಡಂ" ಅಂದರು ಅಮ್ಮ. ತಾಯಿತ ಇರಲಿ, ಜೊತೆಗೆ ಡಾಕ್ಟರೂ ನೋಡಲಿ ಅಂದೆ. ಅದನ್ನು ಬಿಚ್ಚಿಸಲು ಹೋಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಗೋಡೆಗೆ ಒರಗಿ ಕೂತು, "ಓದೋಕೆ ಮನಸಿಲ್ಲ ಮೇಡಂ, ಎಲ್ಲ ನಾಟಕ" ಅಂದರು. ಅವರದು ಮೂರು ಎಕರೆ ತೆಂಗಿನ ತೋಟ. ಅದೇ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋಗಿತ್ತು ಅಂತ ಹುಡುಗನೇ ಹೇಳಿದ್ದ. "ಮೋಟರ್ ಸುಟ್ಟಾಗ ಮರಕ್ಕೆ ಬೈದ್ರಾ ನೀವು? ಮೆಕ್ಯಾನಿಕ್ ಕರೆಸಿದ್ರಿ ಅಲ್ವಾ?" ಅಂದೆ. ಅವರು ಏನೂ ಹೇಳಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಅಮ್ಮನ ಹೆದರಿಕೆ ಬೇರೆ ಇತ್ತು. "ಹುಚ್ಚಾಸ್ಪತ್ರೆಗೆ ಹಾಕ್ಬಿಡ್ತಾರಾ?" ಇಲ್ಲ, ನಮ್ಮ ತಾಲ್ಲೂಕು ಆಸ್ಪತ್ರೆಗೇ ಹೋಗುವುದು, ಹೊರರೋಗಿ ಚೀಟಿ ಮಾಡಿಸಿ ತೋರಿಸಿಕೊಂಡು ಬಸ್ಸಿಗೆ ವಾಪಸ್ ಬರುವುದು ಅಂತ ಬಿಡಿಸಿ ಹೇಳಿದೆ. ಹೊರಡುವ ಮುಂಚೆ ಒಂದು ಕೆಲಸ ಮಾಡಿಸಿದೆ. ತೋಟಕ್ಕೆ ಹೊಡೆಯುವ ಔಷಧಿಯನ್ನೆಲ್ಲ ಮನೆಯಿಂದ ತೆಗೆಸಿ ಚಿಕ್ಕಪ್ಪನ ಮನೆಯಲ್ಲಿ ಬೀಗ ಹಾಕಿಸಿದೆ. ರಾತ್ರಿ ಅವನನ್ನು ಒಬ್ಬನನ್ನೇ ಮಲಗಿಸಬೇಡಿ ಅಂದೆ. ರೈತರ ಮನೆಯ ಮಗುವಿನ ವಿಷಯದಲ್ಲಿ ಇದನ್ನು ಯಾರೂ ಮರೆಯಬಾರದು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಇದು ಊರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಮೊದಲ ಸಲ ನಾನೂ ಜೊತೆಗೆ ಹೋದೆ. ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದರು. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಮಗು ಹೀಗೇ ಮಂಕಾಗಬಹುದಂತೆ. ಎರಡೂ ಸರಿ ಇದ್ದವು. ಆಮೇಲೆ ಹುಡುಗನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿ, ಖಿನ್ನತೆ ಅಂತ ಹೇಳಿ, ಮಾತ್ರೆ ಕೊಟ್ಟು, ಆಪ್ತಸಮಾಲೋಚನೆಗೆ ಬರಲು ಹೇಳಿದರು. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರಗಳಲ್ಲಿ ಅವನ ಮೇಲೆ ಜಾಸ್ತಿ ಗಮನ ಇರಲಿ, ಮಧ್ಯದಲ್ಲಿ ನಿಲ್ಲಿಸಬೇಡಿ ಅಂತ ಅಪ್ಪನಿಗೇ ನೇರವಾಗಿ ಹೇಳಿದರು. ಯಾಕೆ ಬಂತು ಅಂತ ಅಪ್ಪ ಕೇಳಿದಾಗ, ಪ್ರತಿ ಸಲ ಒಂದೇ ಒಂದು ಕಾರಣ ಸಿಗುವುದಿಲ್ಲ ಅಂದರು.

ನನಗೆ ಅವರಿಂದ ಸಿಕ್ಕ ದೊಡ್ಡ ಸುಳಿವು ಬೇರೆ. ಖಿನ್ನತೆ ಇರುವ ಬಹಳಷ್ಟು ಜನರಿಗೆ ಬೆಳಗಿನ ಹೊತ್ತೇ ಅತಿ ಭಾರ, ಸಂಜೆ ಹೊತ್ತಿಗೆ ಸ್ವಲ್ಪ ಹಗುರ ಅಂದರು. ನನ್ನ ಗಣಿತದ ಪಿರಿಯಡ್ ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಮೊದಲನೆಯದು! ಬಂದ ಮಾರನೇ ದಿನವೇ ಸಮಾಜದ ಮೇಷ್ಟ್ರನ್ನು ಕೇಳಿ ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆ. ಒಬ್ಬ ಹುಡುಗನಿಗಾಗಿ ವೇಳಾಪಟ್ಟಿ ಬದಲಾಯಿಸುವುದೇ ಅಂತ ಕೇಳಿದವರಿದ್ದಾರೆ. ಉಳಿದ 41 ಮಕ್ಕಳಿಗೆ ಅದರಿಂದ ಏನೂ ನಷ್ಟ ಆಗಲಿಲ್ಲ.

ಲೆಕ್ಕವನ್ನೂ ಬೇರೆ ರೀತಿ ಕೊಟ್ಟೆ. ಒಂದು ಹಾಳೆಗೆ ಒಂದೇ ಲೆಕ್ಕ. ಒಂದು ಹಂತ ಮುಗಿದ ಮೇಲೆ ಅದರ ಪಕ್ಕದಲ್ಲಿ, ಈಗ ಏನು ಮಾಡಬೇಕು ಅಂತ ಒಂದೆರಡು ಪದದಲ್ಲಿ ಬರೆದುಕೊಳ್ಳಬೇಕು: "ಕೂಡಬೇಕು", "ಗುಣಿಸಬೇಕು". ಮಧ್ಯದಲ್ಲಿ ಮರೆತರೆ ಮೇಲಿಂದ ಓದುವ ಅಗತ್ಯವಿಲ್ಲ, ಆ ಪದ ನೋಡಿದರೆ ಸಾಕು. ನೆನಪು ಹಿಡಿಯದ ಕೆಲಸವನ್ನು ಕಾಗದ ಹಿಡಿಯಿತು. ಹೋಂವರ್ಕ್ ಎರಡೇ ಲೆಕ್ಕ. ಹತ್ತು ನಿಮಿಷ ಕೂತು ಏಳಬೇಕು, ಆಗಲಿ ಬಿಡಲಿ. ಅಂಕಗಳನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವುದನ್ನು ಎಲ್ಲರಿಗೂ ನಿಲ್ಲಿಸಿದೆ.

ಸಹೋದ್ಯೋಗಿಗಳಿಗೆ ಕಾಯಿಲೆಯ ಹೆಸರು ಹೇಳಲಿಲ್ಲ. ಅದು ಅವನ ಮನೆಯವರಿಗೆ ಸೇರಿದ್ದು. "ಅವನಿಗೆ ಚಿಕಿತ್ಸೆ ನಡೀತಿದೆ, ಮಲಗಿದ್ರೆ ಎಲ್ಲರ ಮುಂದೆ ಎಬ್ಬಿಸಿ ಬೈಬೇಡಿ, ನನಗೆ ಹೇಳಿ" ಅಂದೆ. ಅಷ್ಟು ಸಾಕಾಯಿತು. ಮುಖ್ಯ ಶಿಕ್ಷಕರಿಗೆ ಮಾತ್ರ, ಅಮ್ಮನ ಒಪ್ಪಿಗೆ ಪಡೆದು, ಪೂರ್ತಿ ಹೇಳಿದೆ.

ಒಂದು ಪ್ರಯತ್ನ ಕೆಟ್ಟಿತು. ಕ್ಲಾಸಿನ ಜಾಣ ಹುಡುಗನೊಬ್ಬನನ್ನು ಪಕ್ಕ ಕೂರಿಸಿ ಇವನಿಗೆ ಹೇಳಿಕೊಡು ಅಂದೆ. ಒಂದು ಕಾಲಕ್ಕೆ ಇವನೇ ಆ ಹುಡುಗನಿಗೆ ಹೇಳಿಕೊಡುತ್ತಿದ್ದವನು. ಮಾರನೇ ದಿನ ಶಾಲೆಗೇ ಬರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಬದಲಿಗೆ ಪಿಟಿ ಮೇಷ್ಟ್ರು ಖೊಖೊ ಪಂದ್ಯದ ಅಂಕ ಬರೆಯುವ ಪುಸ್ತಕವನ್ನು ಅವನ ಕೈಗೆ ಕೊಟ್ಟರು. ಆಡಬೇಕಿಲ್ಲ, ಮೈದಾನದಲ್ಲಿ ಇದ್ದರೆ ಸಾಕು. ಮನಸ್ಸು ಬರಲಿ ಅಂತ ಕಾಯಬೇಡ, ಸ್ವಲ್ಪ ಏನಾದರೂ ಮಾಡು, ಮನಸ್ಸು ಹಿಂದಿನಿಂದ ಬರುತ್ತೆ ಅಂತ ಆಪ್ತಸಮಾಲೋಚಕರೂ ಹೇಳಿದ್ದರು.

ನವೆಂಬರ್ ಕಿರುಪರೀಕ್ಷೆಯಲ್ಲಿ ಅಂಕ ಏನೂ ಏರಲಿಲ್ಲ. ಅಪ್ಪ ಆಗಲೇ ಮಾತ್ರೆ ಯಾಕೆ ಅಂತ ಶುರು ಮಾಡಿದ್ದರು. ನಾನು ಕಂಡ ಕ್ರಮ ಇದು: ಮೊದಲು ನಿದ್ದೆ ಸರಿಹೋಯಿತು. ಆಮೇಲೆ ಸಿಟ್ಟು ಇಳಿಯಿತು. ಆಮೇಲೆ ಊಟ. ಡಿಸೆಂಬರ್ ಕೊನೆಯಲ್ಲಿ ಒಂದು ದಿನ ಹಿಂದಿನ ಬೆಂಚಿನಿಂದ ಅವನ ನಗು ಕೇಳಿಸಿತು. ನಾನು ಬೋರ್ಡಿನ ಕಡೆ ತಿರುಗಿಯೇ ಇದ್ದೆ, ತಿರುಗಿ ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಅಂತ. ಗಮನ ನಿಲ್ಲುವುದು ಎಲ್ಲಕ್ಕಿಂತ ಕೊನೆಗೆ ಬಂತು, ಅಂಕ ಅದಕ್ಕೂ ಆಮೇಲೆ. ಮಗು ಹುಷಾರಾಗುತ್ತಿದೆಯಾ ಅಂತ ಅಂಕಪಟ್ಟಿಯಲ್ಲಿ ಹುಡುಕುವವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇಲ್ಲೇ.

ಅವನಿಗೆ ಮತ್ತೊಂದು ಅನುಕೂಲ ಇತ್ತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿದ್ದವು, ಅವನ ವರ್ಷವೂ ಮೂರು ಇದ್ದವು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತಿತ್ತು. "ಮಾರ್ಚೇ ಕೊನೆ ಅಲ್ಲ ಕಣೋ" ಅಂತ ನಾನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಮಾರ್ಚ್‌ನ ಪರೀಕ್ಷೆ-1ರಲ್ಲಿ ವಿಜ್ಞಾನ ಹೋಯಿತು, ಉಳಿದವೆಲ್ಲ ಪಾಸ್. ಗಣಿತದಲ್ಲಿ 80ಕ್ಕೆ 41. ಪರೀಕ್ಷೆ-2ರಲ್ಲಿ ವಿಜ್ಞಾನವೂ ಪಾಸಾಯಿತು. 66 ತೆಗೆಯುತ್ತಿದ್ದವನಿಗೆ 41 ಕಡಿಮೆಯೇ ಅಂದರು ಯಾರೋ. ಆ 41ರ ಹಿಂದೆ ಎಷ್ಟು ಬೆಳಗುಗಳಿವೆ ಅಂತ ನನಗೆ ಗೊತ್ತು. ನನ್ನ ಮಟ್ಟಿಗೆ ಅದು 66ಕ್ಕಿಂತ ದೊಡ್ಡದು.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ನನ್ನ 42 ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಮೂವರು. ನನಗೆ ಕಂಡಿದ್ದು ಒಬ್ಬ. ಉಳಿದ ಇಬ್ಬರು ಯಾರಿದ್ದರು ಅಂತ ಆ ವರ್ಷದ ಹಾಜರಿ ಪುಸ್ತಕವನ್ನು ಆಮೇಲೆ ಎಷ್ಟೋ ಸಲ ತಿರುವಿ ಹಾಕಿದ್ದೇನೆ.

ಅವನು ಈಗ ಡಿಪ್ಲೊಮಾ ಸೇರಿದ್ದಾನೆ. ಸೇರಿದ ಹೊಸದರಲ್ಲಿ ಅವನ ಅಮ್ಮ ಫೋನ್ ಮಾಡಿದ್ದರು. "ಚೆನ್ನಾಗವ್ನೆ ಮೇಡಂ, ಮಾತ್ರೆ ನಿಲ್ಸಿಬಿಡೋಣ್ವಾ?" ಅಂದರು. ಅದನ್ನು ನಾನೂ ಹೇಳುವಂತಿಲ್ಲ, ನೀವೂ ನಿಲ್ಲಿಸುವಂತಿಲ್ಲ, ಡಾಕ್ಟರ್ ಹೇಳಬೇಕು ಅಂದೆ.

"ಹಂಗಾದ್ರೆ ಮಂಗಳವಾರ ಅವ್ರಪ್ಪನೇ ಕರ್ಕೊಂಡು ಹೋಗ್ತಾರೆ ಬಿಡಿ" ಅಂದರು.