ಬಯೋಮೆಡಿಕಲ್ ವಿಭಾಗಕ್ಕೆ ಕ್ಲರ್ಕ್ ಆಗಿ ಸೇರಿದ್ದೀರಾ? ಮೊದಲು ಸೀರಿಯಲ್ ನಂಬರ್ ನೋಡುವುದನ್ನು ಕಲಿಯಿರಿ

ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಬದಲಾಗುತ್ತದೆ. ಎಂಟೂಕಾಲಿಗೆ ನಿಮ್ಮ ಟೇಬಲ್ ಮೇಲಿನ ಫೋನ್ ಹೊಡೆದುಕೊಳ್ಳುತ್ತದೆ. ಐಸಿಯು ಸಿಸ್ಟರ್. "ಮಾನಿಟರ್ ಕೆಟ್ಟಿದೆ, ಬೇಗ ಯಾರನ್ನಾದರೂ ಕಳಿಸಿ" ಅಂತ ಹೇಳಿ ಇಟ್ಟುಬಿಡುತ್ತಾರೆ. ಅವರದ್ದು ತಪ್ಪಲ್ಲ, ಅವರ ಮುಂದೆ ರೋಗಿ ಇದ್ದಾರೆ. ಆದರೆ ಆ ಐಸಿಯುನಲ್ಲಿ ಹದಿನಾರು ಮಾನಿಟರ್ ಇವೆ. ಯಾವ ಬೆಡ್ಡು, ಏನು ತೊಂದರೆ ಅಂತ ಗೊತ್ತಿಲ್ಲದೆ ಇಂಜಿನಿಯರ್ ಬರಿಗೈಯಲ್ಲಿ ಮೇಲೆ ಹೋಗಿ, ನೋಡಿ, ಮತ್ತೆ ಕೆಳಗೆ ಬಂದು ಕೇಬಲ್ ತೆಗೆದುಕೊಂಡು ಹೋಗುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ಆ ಅರ್ಧ ಗಂಟೆ ಉಳಿಸುವುದೇ ನಿಮ್ಮ ಕೆಲಸ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿ ಕ್ಲರ್ಕ್ ಅಂದರೆ ಸುಮ್ನೆ ಫೈಲ್ ಜೋಡಿಸುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇದೇ ಕುರ್ಚಿಯಲ್ಲಿ ಹಲವು ವರ್ಷ ಕೂತು ನಾನು ಕಲಿತದ್ದನ್ನು, ಹೊಸದಾಗಿ ಸೇರಿದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಫೋನ್ ಬಂದಾಗ ಐದು ವಿಷಯ ಕೇಳಿ. ಯಾವ ಬೆಡ್. ಯಂತ್ರದ ಮೇಲೆ ನಾವು ಅಂಟಿಸಿರುವ ಸ್ಟಿಕ್ಕರ್ ನಂಬರ್ ಏನು. ಪರದೆಯ ಮೇಲೆ ಏನು ಬರೆದಿದೆ. ಈಗ ರೋಗಿಗೆ ಹಾಕಿದ್ದಾರಾ. ಬದಲಿ ಯಂತ್ರ ಇದೆಯಾ. ಕೊನೆಯ ಎರಡು ಪ್ರಶ್ನೆಗೆ ಉತ್ತರ ಕೇಳಿಯೇ ಯಾವ ಕಾಲ್ ಮೊದಲು, ಯಾವುದು ಆಮೇಲೆ ಅಂತ ಇಂಜಿನಿಯರ್ ತೀರ್ಮಾನಿಸುವುದು. ಇನ್ನೊಂದು ಮಾತು: ಸಿಸ್ಟರ್ ಹೇಳಿದ್ದನ್ನು ಅವರ ಮಾತಲ್ಲೇ ಬರೆಯಿರಿ. ನಮ್ಮ ಊರಿನಲ್ಲಿ ಒಂದೇ ವಾರ್ಡಿನಲ್ಲಿ ಕನ್ನಡ, ಮಲಯಾಳಂ, ಹಿಂದಿ, ತಮಿಳು ಎಲ್ಲಾ ನಡೆಯುತ್ತದೆ. ಒಬ್ಬರು "ಬಿಪಿ ಬರ್ತಿಲ್ಲ" ಅನ್ನುತ್ತಾರೆ, ಇನ್ನೊಬ್ಬರು "ಕಫ್ ಊದ್ತಾ ಇದೆ, ಆದರೆ ನಿಲ್ತಿಲ್ಲ" ಅನ್ನುತ್ತಾರೆ (ಕಫ್ ಅಂದರೆ ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ). ಎರಡನ್ನೂ ನೀವು "ಬಿಪಿ ಪ್ರಾಬ್ಲಂ" ಅಂತ ಬರೆದರೆ ಮುಗಿಯಿತು, ಎರಡನೆಯವರು ಕೊಟ್ಟ ಸುಳಿವು ಹೋಯಿತು. ಕಫ್‌ಗೆ ಗಾಳಿ ಹೋಗುತ್ತಿದೆ ಅಂತ ಮೊದಲೇ ಗೊತ್ತಾದರೆ ಇಂಜಿನಿಯರ್ ಬೇರೆ ಸಾಮಾನು ಹಿಡಿದುಕೊಂಡು ಹೋಗುತ್ತಾರೆ.

ಸಮಯ ಬರೆಯುವಾಗ ಮೂರು ಸಮಯ ಬೇಕು. ಕಾಲ್ ಬಂದದ್ದು, ಇಂಜಿನಿಯರ್ ಯಂತ್ರದ ಹತ್ತಿರ ಮುಟ್ಟಿದ್ದು, ಯಂತ್ರ ಮತ್ತೆ ಕೆಲಸಕ್ಕೆ ಸಿಕ್ಕಿದ್ದು. ಹೊರಗಿನ ಕಂಪನಿಯ ಯಂತ್ರವಾದರೆ ನಾಲ್ಕನೆಯದು: ಕಂಪನಿಗೆ ಕಾಲ್ ಬುಕ್ ಮಾಡಿದ ಸಮಯ ಮತ್ತು ಅವರು ಕೊಟ್ಟ ಕಾಲ್ ನಂಬರ್. ಬಾಯಿಮಾತಿನ ಕಾಲ್ ಕಾಲೇ ಅಲ್ಲ. "ಅವರಿಗೆ ವಾಟ್ಸಾಪ್ ಹಾಕಿದ್ದೆ" ಅನ್ನುವುದು ಬಿಲ್ ಜಗಳ ಬಂದಾಗ ನಿಲ್ಲುವುದಿಲ್ಲ, ಕಾಲ್ ನಂಬರ್ ನಿಲ್ಲುತ್ತದೆ. ತುಂಬಾ ಕರಾರುಗಳಲ್ಲಿ ಶೇಕಡಾ 95 ಅಪ್‌ಟೈಮ್, ಅಂದರೆ ಯಂತ್ರ ಕೆಲಸಕ್ಕೆ ಸಿಗುವ ಸಮಯ, ಅಂತ ಬರೆದಿರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 365 ದಿನದಲ್ಲಿ ಶೇಕಡಾ 5 ಅಂದರೆ 18 ದಿನಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ದಿನ ಸಿಟಿ ಸ್ಕ್ಯಾನ್ ನಿಂತರೂ ಕಂಪನಿ ಕರಾರು ಮುರಿದಂತೆ ಆಗುವುದಿಲ್ಲ. ಹತ್ತೊಂಬತ್ತನೇ ದಿನ ನೀವು ದಂಡ ಕೇಳಬೇಕಾದರೆ, ಅಥವಾ ವಾರಂಟಿ ಅಷ್ಟು ದಿನ ಮುಂದಕ್ಕೆ ಹಾಕಿಸಬೇಕಾದರೆ, ಒಂದೊಂದು ಗಂಟೆಗೂ ನಿಮ್ಮ ಪುಸ್ತಕದಲ್ಲಿ ಲೆಕ್ಕ ಇರಬೇಕು.

ಈಗ ಸೀರಿಯಲ್ ನಂಬರ್ ವಿಷಯಕ್ಕೆ ಬರುತ್ತೇನೆ. ನನಗೆ ಇದು ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಪೆಟ್ಟು ತಿಂದೇ ಕಲಿತದ್ದು.

ನಾನು ಸೇರಿದ ಮೊದಲ ವರ್ಷ ಒಂದು ವೆಂಟಿಲೇಟರ್ ನಿಂತುಹೋಯಿತು. ವಾರಂಟಿ ಇತ್ತು. ಕಂಪನಿಗೆ ಕಾಲ್ ಮಾಡಿ ನಮ್ಮ ಎಕ್ಸೆಲ್ ಪಟ್ಟಿಯಲ್ಲಿದ್ದ ನಂಬರ್ ಓದಿದೆ. "ಈ ನಂಬರಿನ ಯಂತ್ರ ನಮ್ಮಲ್ಲಿ ಇಲ್ಲ, ಇನ್‌ವಾಯ್ಸ್ ಕಳಿಸಿ" ಅಂದರು. ಇನ್‌ವಾಯ್ಸ್ ಅಕೌಂಟ್ಸ್‌ನಲ್ಲಿ, ಅಕೌಂಟ್ಸ್‌ನವರು ಆಡಿಟ್‌ನಲ್ಲಿ. ಹೀಗೇ ಒಂಬತ್ತು ದಿನ ಹೋಯಿತು. ಯಂತ್ರ ಪ್ಲಾಸ್ಟಿಕ್ ಕವರ್ ಹೊದ್ದು ಸ್ಟೋರಿನ ಮೂಲೆಯಲ್ಲಿ ನಿಂತಿತ್ತು, ಐಸಿಯುನವರು ಬಾಡಿಗೆಗೆ ಒಂದು ತರಿಸಿಕೊಂಡಿದ್ದರು. ಕೊನೆಗೆ ನಮ್ಮ ಹಿರಿಯ ಟೆಕ್ನೀಷಿಯನ್ ಒಬ್ಬರು ಹತ್ತಿಗೆ ಸ್ಪಿರಿಟ್ ಹಾಕಿ ಯಂತ್ರದ ಹಿಂದಿನ ಪ್ಲೇಟ್ ಒರೆಸಿ, ಟಾರ್ಚ್ ಬಿಟ್ಟು ಓದಿದರು. ನಂಬರಿನ ಶುರುವಿನಲ್ಲೇ ಎರಡು ಸೊನ್ನೆ ಇದ್ದವು. ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಟೈಪ್ ಮಾಡಿದವರು ಸೊನ್ನೆ ಹಾಕಿಯೇ ಹಾಕಿದ್ದರು, ಎಕ್ಸೆಲ್ ನುಂಗಿಬಿಟ್ಟಿತ್ತು. ಸರಿಯಾದ ನಂಬರ್ ಹೇಳಿದ ಮಾರನೇ ದಿನ ಕಂಪನಿಯವರು ಬಂದು ಬೋರ್ಡ್ ಬದಲಾಯಿಸಿ ಹೋದರು.

ಆದ್ದರಿಂದ ಹೀಗೆ ಮಾಡಿ. ಪಟ್ಟಿಗೆ ಒಂದು ನಂಬರ್ ಹಾಕುವ ಮೊದಲೇ ಎಕ್ಸೆಲ್‌ನಲ್ಲಿ ಆ ಇಡೀ ಕಾಲಂ ಆಯ್ಕೆ ಮಾಡಿ, ಫಾರ್ಮ್ಯಾಟ್ ಅನ್ನು ಟೆಕ್ಸ್ಟ್ ಅಂತ ಬದಲಾಯಿಸಿ. ಆಮೇಲೆ ಬದಲಾಯಿಸಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ. 15 ಅಂಕಿಗಿಂತ ಉದ್ದದ ನಂಬರ್ ಆದರೆ ಇನ್ನೂ ಅಪಾಯ, ಹದಿನಾರನೆಯದರಿಂದ ಮುಂದಿನ ಅಂಕಿಗಳನ್ನೆಲ್ಲಾ ಅದು ಸೊನ್ನೆ ಮಾಡಿಬಿಡುತ್ತದೆ. ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ, ಐ ಮತ್ತು ಒಂದು, ಎಸ್ ಮತ್ತು ಐದು, ಬಿ ಮತ್ತು ಎಂಟು, ಈ ನಾಲ್ಕು ಜೋಡಿಗಳ ಮೇಲೆ ಕಣ್ಣಿಟ್ಟಿರಿ. ಅನುಮಾನ ಬಂದರೆ ಫೋನ್ ಕ್ಯಾಮೆರಾದಲ್ಲಿ ಪ್ಲೇಟಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಆ ಫೋಟೋವನ್ನು ಯಂತ್ರದ ಫೋಲ್ಡರಿಗೇ ಹಾಕಿಡಿ. ಫೋಟೋದಲ್ಲಿ ರೋಗಿಯ ಮುಖವಾಗಲಿ, ಕೇಸ್ ಶೀಟ್ ಆಗಲಿ ಬರಬಾರದು. ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 05-08 ಅಂದರೆ ನಮಗೆ ಆಗಸ್ಟ್ 5, ಅಮೆರಿಕದ ಕಂಪನಿಯ ಕಾಗದದಲ್ಲಿ ಮೇ 8. ವಾರಂಟಿ ಲೆಕ್ಕದಲ್ಲಿ ಅದು ಮೂರು ತಿಂಗಳ ವ್ಯತ್ಯಾಸ.

ಪಟ್ಟಿಯನ್ನು ಕೂತಲ್ಲೇ ಮಾಡಬೇಡಿ. ಹಳೆಯ ಪಟ್ಟಿ ಪ್ರಿಂಟ್ ತೆಗೆದು ವಾರ್ಡ್ ವಾರ್ಡ್ ಸುತ್ತಿ. ಸಿರಿಂಜ್ ಪಂಪುಗಳು (ಔಷಧಿಯನ್ನು ನಿಧಾನವಾಗಿ ಹರಿಸುವ ಯಂತ್ರ) ರೋಗಿಯ ಜೊತೆ ಓಡಾಡುತ್ತವೆ, ಓಟಿಯದು ಐಸಿಯುನಲ್ಲಿ ಸಿಗುತ್ತದೆ, ಐಸಿಯುನದು ವಾರ್ಡಿನ ಕಪಾಟಿನಲ್ಲಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ರೌಂಡ್ಸ್ ಮುಗಿದಿರುತ್ತದೆ, ಸಿಸ್ಟರುಗಳಿಗೂ ಎರಡು ಮಾತಾಡಲು ಪುರುಸೊತ್ತು ಇರುತ್ತದೆ.

ಕರಾರಿನ ಫೈಲ್. ಎಎಂಸಿ, ಸಿಎಂಸಿ ಎರಡೂ ಕಂಪನಿ ಜೊತೆಗಿನ ನಿರ್ವಹಣೆ ಕರಾರುಗಳು. ಎಎಂಸಿ ಅಂದರೆ ಸಾಮಾನ್ಯವಾಗಿ ಕೂಲಿ ಮಾತ್ರ, ಬಿಡಿಭಾಗಕ್ಕೆ ಬೇರೆ ದುಡ್ಡು. ಸಿಎಂಸಿ ಅಂದರೆ ಬಿಡಿಭಾಗವೂ ಸೇರಿದ್ದು. ಆದರೆ ಸಿಎಂಸಿ ಕಾಗದದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಏನೇನು ಸೇರಿಲ್ಲ ಅಂತ ಇರುತ್ತದೆ. ಬ್ಯಾಟರಿ, ಪ್ರೋಬ್, ಕಫ್, ವೆಂಟಿಲೇಟರಿನ ಆಕ್ಸಿಜನ್ ಸೆಲ್, ಎಕ್ಸ್-ರೇ ಟ್ಯೂಬ್, ಇವುಗಳಲ್ಲಿ ಯಾವುದು ಹೊರಗೆ ಅಂತ ನೋಡಿ ಫೈಲಿನ ಮೇಲೆಯೇ ದೊಡ್ಡದಾಗಿ ಬರೆದಿಡಿ. ಕರಾರು ಮುಗಿಯುವ 90 ದಿನ ಮೊದಲೇ ಕೆಲಸ ಶುರು ಮಾಡಿ. ಕೊಟೇಶನ್, ಚೌಕಾಸಿ, ಸಹಿ, ಪಿಒ (ಖರೀದಿ ಆದೇಶ), ಎಲ್ಲಾ ಆಗುವಷ್ಟರಲ್ಲಿ ಆ ಮೂರು ತಿಂಗಳು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಬೆಂಗಳೂರಿನದ್ದೇ ಒಂದೆರಡು ವಿಷಯ. ಕಂಪನಿ ಇಂಜಿನಿಯರ್ ವೈಟ್‌ಫೀಲ್ಡಿನಲ್ಲಿ ಒಂದು ಕೆಲಸ ಮುಗಿಸಿ ಬನ್ನೇರುಘಟ್ಟ ರಸ್ತೆಗೆ ಬರಬೇಕಾದರೆ ಸಿಲ್ಕ್ ಬೋರ್ಡ್ ದಾಟುವುದರಲ್ಲೇ ಅವರ ಮಧ್ಯಾಹ್ನ ಕಳೆಯುತ್ತದೆ. ಹಾಗಾಗಿ ಕಾಲ್ ಅನ್ನು ಬೆಳಿಗ್ಗೆ ಬೇಗ ಬುಕ್ ಮಾಡಿ, ಬರುವ ಮೊದಲೇ ಯಂತ್ರದ ಫೋಟೋ, ಎರರ್ ಕೋಡ್ ಕಳಿಸಿ, ಬೇಕಾದ ಬಿಡಿಭಾಗ ಹಿಡಿದುಕೊಂಡೇ ಬರಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಕರೆಂಟ್ ಹೋಗಿ ಬಂದ ಮಾರನೇ ಬೆಳಿಗ್ಗೆ ಬ್ಯಾಟರಿ ಕಂಪ್ಲೇಂಟುಗಳು ಸಾಲಾಗಿ ಬರುತ್ತವೆ. ಅವತ್ತು ಕರೆಂಟ್ ಹೋದ ಸಮಯ, ಜನರೇಟರ್ ಹತ್ತಿದ ಸಮಯ ಎಲೆಕ್ಟ್ರಿಕಲ್‌ನವರಿಂದ ಕೇಳಿ ಬರೆದಿಡಿ, ಯಾವ ಮಹಡಿಯಲ್ಲಿ ತೊಂದರೆ ಅಂತ ಇಂಜಿನಿಯರಿಗೆ ಅದರಿಂದ ಗೊತ್ತಾಗುತ್ತದೆ. ಇನ್ನು ಎಸ್‌ಪಿ ರೋಡ್, ನಮ್ಮೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ. ಅಲ್ಲಿ ಸಿಗದ ಸಾಮಾನಿಲ್ಲ, ನಿಜ. ಆದರೆ ರೋಗಿಗೆ ತಾಗುವ ಯಂತ್ರಕ್ಕೆ ಅಲ್ಲಿಂದ ತಂದ ಅಡಾಪ್ಟರ್ ಬಿಲ್ ನಿಮ್ಮ ಟೇಬಲ್ಲಿಗೆ ಬಂದರೆ, ಇಂಜಿನಿಯರ್ ಸಹಿ ಇಲ್ಲದೆ ಮುಂದಕ್ಕೆ ಕಳಿಸಬೇಡಿ. ಯಾರು ಎಷ್ಟು ಅವಸರ ಮಾಡಿದರೂ.

ಯಂತ್ರ ಹೊರಗೆ ಹೋಗುವಾಗ ರಿಟರ್ನಬಲ್ ಗೇಟ್ ಪಾಸ್ ಬರೆಯುತ್ತೀರಿ. "ಸಿರಿಂಜ್ ಪಂಪ್ 1" ಅಂತ ಬರೆದು ಬಿಟ್ಟರೆ ವಾಪಸ್ ಬರುವುದು ಪಂಪ್ ಮಾತ್ರ. ಪವರ್ ಕಾರ್ಡ್ ಎಲ್ಲಿ, ಕಂಬಕ್ಕೆ ಸಿಕ್ಕಿಸುವ ಕ್ಲಾಂಪ್ ಎಲ್ಲಿ ಅಂದರೆ "ನಮಗೆ ಕೊಟ್ಟೇ ಇಲ್ಲ" ಅನ್ನುತ್ತಾರೆ, ನಿಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ. ಒಂದೊಂದು ಸಾಮಾನಿಗೂ ಒಂದೊಂದು ಸಾಲು ಬರೆಯಿರಿ. ಸುಮ್ನೆ ಕಾರ್ಡ್, ಕ್ಲಾಂಪ್ ಇಲ್ಲೇ ಬಿಚ್ಚಿಟ್ಟುಕೊಂಡು ಹೆಸರು ಬರೆದ ಕವರಿನಲ್ಲಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ಯಂತ್ರ ಸೋಂಕು ತೆಗೆದು ಸ್ವಚ್ಛ ಮಾಡಿದ್ದಾರಾ ಅಂತ ವಾರ್ಡಿನವರ ಸಹಿ ತೆಗೆದುಕೊಳ್ಳಿ. ಅದನ್ನು ಬಿಚ್ಚುವವರೂ ಮನುಷ್ಯರೇ.

ಪಿಎಂ (ಕೆಡುವ ಮೊದಲೇ ಮಾಡುವ ನಿಗದಿತ ತಪಾಸಣೆ) ಮತ್ತು ಕ್ಯಾಲಿಬ್ರೇಶನ್ (ಯಂತ್ರದ ಅಳತೆ ಸರಿ ಇದೆಯಾ ಅಂತ ನೋಡುವುದು). ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ತಪಾಸಣೆಗೆ ಬಂದವರು ವಾರ್ಡಿನಲ್ಲಿ ಯಾವುದೋ ಒಂದು ಯಂತ್ರ ತೋರಿಸಿ ಇದರ ಫೈಲ್ ಕೊಡಿ ಅನ್ನಬಹುದು. ಆಗ ಸ್ಟಿಕ್ಕರಿನ ತಾರೀಖು, ಸರ್ಟಿಫಿಕೇಟಿನ ತಾರೀಖು, ಸೀರಿಯಲ್ ನಂಬರ್ ಮೂರೂ ಹೊಂದಬೇಕು. ಪೀಣ್ಯದ ಕಡೆಯ ಲ್ಯಾಬಿನಿಂದ ಬಂದಿರಲಿ, ಬೇರೆ ಕಡೆಯಿಂದ ಬಂದಿರಲಿ, ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಓದಿ. ಆ ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದ್ದರೆ ಸಾಲದು, ನಿಮ್ಮ ಯಂತ್ರ ಅಳೆಯುವ ಆ ನಿರ್ದಿಷ್ಟ ಅಳತೆಗೆ ಇದೆಯಾ ನೋಡಿ.

ಇಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಪಿಎಂಗೆ ಹೋದಾಗ ಯಂತ್ರ ರೋಗಿಗೆ ಹಾಕಿರುತ್ತದೆ, ಮುಟ್ಟಲು ಆಗುವುದಿಲ್ಲ. ತಿಂಗಳ ಕೊನೆ. "ಆಗಿದೆ ಅಂತ ಹಾಕಿಬಿಡು, ನಾಳೆ ನೋಡಿಕೊಳ್ಳೋಣ" ಅಂತ ಯಾರಾದರೂ ಹೇಳುತ್ತಾರೆ. ಹಾಕಬೇಡಿ. "ರೋಗಿಗೆ ಬಳಕೆಯಲ್ಲಿತ್ತು, ಬಾಕಿ" ಅಂತ ಬರೆದು ಮುಂದಿನ ತಾರೀಖು ಹಾಕಿ. ಬಾಕಿ ಅಂತ ಬರೆದದ್ದನ್ನು ಯಾರಾದರೂ ಹುಡುಕಿಕೊಂಡು ಹೋಗಿ ಮುಗಿಸುತ್ತಾರೆ. ಆಗಿದೆ ಅಂತ ಬರೆದದ್ದನ್ನು ಯಾರೂ ಹುಡುಕುವುದಿಲ್ಲ. ಆ ಯಂತ್ರ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಆಗಿದ್ದು, ಅದರ ಬ್ಯಾಟರಿ ಸತ್ತಿದ್ದರೆ, ಅದು ಗೊತ್ತಾಗುವುದು ರೋಗಿಯ ಎದೆಯ ಮೇಲೆ ಪ್ಯಾಡಲ್ ಇಟ್ಟಾಗ.

ಕಾನೂನಿನ ಕಟ್ಟುಪಾಡು ಇರುವ ಯಂತ್ರಗಳಿಗೆ ಬೇರೆಯೇ ಫೈಲ್ ಇಡಿ. ಅಲ್ಟ್ರಾಸೌಂಡ್, ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಬರುತ್ತದೆ. ನೋಂದಣಿ 5 ವರ್ಷಕ್ಕೆ. ಯಂತ್ರ ಬದಲಾಯಿಸುವುದಿದ್ದರೆ, ಜಾಗ ಬದಲಾಯಿಸುವುದಿದ್ದರೆ 30 ದಿನ ಮೊದಲೇ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ರಿಪೇರಿಗೆ ಒಯ್ದ ಕಂಪನಿಯವರು ಒಳ್ಳೆಯ ಮನಸ್ಸಿನಿಂದಲೇ "ಅಲ್ಲಿಯವರೆಗೆ ಇದನ್ನು ಬಳಸಿ" ಅಂತ ಬದಲಿ ಯಂತ್ರ ಇಟ್ಟು ಹೋಗಲು ಬರುತ್ತಾರೆ. ಗೇಟಿನಲ್ಲೇ ನಿಲ್ಲಿಸಿ, ರೇಡಿಯಾಲಜಿ ಮುಖ್ಯಸ್ಥರಿಗೆ ಫೋನ್ ಮಾಡಿ. ನೋಂದಣಿಯಲ್ಲಿ ಇಲ್ಲದ ಯಂತ್ರ ಒಳಗೆ ಬಂದರೆ ಅದು ಸಣ್ಣ ತಪ್ಪಲ್ಲ. ಹಳೆಯ ಅಲ್ಟ್ರಾಸೌಂಡನ್ನು ನೋಂದಣಿ ಇಲ್ಲದವರಿಗೆ ಮಾರುವಂತೆಯೂ ಇಲ್ಲ. ಎಕ್ಸ್-ರೇ, ಸಿಟಿ, ಕ್ಯಾಥ್‌ಲ್ಯಾಬ್ ಎಲ್ಲಾ ಎಇಆರ್‌ಬಿಯ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಇ-ಲೋರಾ ಪೋರ್ಟಲಿನಲ್ಲಿ ಇರುತ್ತವೆ. ಲೈಸೆನ್ಸ್ ಮುಗಿಯುವ ದಿನ, 2 ವರ್ಷಕ್ಕೊಮ್ಮೆ ಆಗಬೇಕಾದ ಕ್ಯೂಎ (ಗುಣಮಟ್ಟ) ಪರೀಕ್ಷೆ, ಸಿಬ್ಬಂದಿಗೆ ತಾಗಿದ ವಿಕಿರಣ ಅಳೆಯಲು 3 ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಬೇಕಾದ ಟಿಎಲ್‌ಡಿ ಬ್ಯಾಡ್ಜುಗಳು, ಈ ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಯಂತ್ರದಿಂದ ರೋಗಿಗೆ ಪೆಟ್ಟಾಗಿದೆ ಅಂತ ಫೋನ್ ಬಂದರೆ ಅದನ್ನು ಮಾಮೂಲಿ ಕಂಪ್ಲೇಂಟ್ ಮಾಡಬೇಡಿ. ಯಂತ್ರ, ಟ್ಯೂಬು, ಪ್ಯಾಕೆಟ್ಟು ಎಲ್ಲವನ್ನೂ ಇದ್ದ ಹಾಗೇ ಬೇರೆ ಇಡಲು ಹೇಳಿ, ಸೆಟ್ಟಿಂಗ್ ಬದಲಾಯಿಸಬೇಡಿ ಅನ್ನಿ, ತಕ್ಷಣ ಮುಖ್ಯಸ್ಥರಿಗೆ ತಿಳಿಸಿ. ಇಂಥ ಘಟನೆಗಳನ್ನು ವರದಿ ಮಾಡಲು 2015ರಿಂದ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಅದರ ಫಾರಂ ಕೂಡ ಬ್ಯಾಚ್ ನಂಬರ್, ಸೀರಿಯಲ್ ನಂಬರ್ ಕೇಳುತ್ತದೆ. ಕಸದ ಬುಟ್ಟಿಗೆ ಹೋದ ಪ್ಯಾಕೆಟ್ಟಿನಿಂದ ಬ್ಯಾಚ್ ನಂಬರ್ ತರಲಾಗುವುದಿಲ್ಲ.

ಹಳೆಯ ಯಂತ್ರ ಕಂಡೆಮ್ ಆದಾಗ, ಅಂದರೆ ಇನ್ನು ಬಳಸುವಂತಿಲ್ಲ ಅಂತ ತೀರ್ಮಾನವಾದಾಗ, ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಅದು ಇ-ತ್ಯಾಜ್ಯ, ಅನುಮತಿ ಇರುವ ರೀಸೈಕ್ಲರಿಗೇ ಹೋಗಬೇಕು, ರಸೀದಿ ಫೈಲಿಗೆ ಬರಬೇಕು. ಹಾರ್ಡ್ ಡಿಸ್ಕಿನಲ್ಲಿ ರೋಗಿಗಳ ಹೆಸರು, ಚಿತ್ರಗಳು ಇರುತ್ತವೆ. ಅದನ್ನು ಅಳಿಸಿದ್ದಾರೆ ಅಂತ ಐಟಿಯವರ ಸಹಿ ಸಿಗುವ ತನಕ ಗೇಟ್ ಪಾಸ್ ಕೊಡಬೇಡಿ.

ಸಂಜೆ ಹೊರಡುವ ಮೊದಲು ಬಾಕಿ ಕಾಲುಗಳನ್ನು ಬೋರ್ಡಿನ ಮೇಲೆ ಬರೆಯಿರಿ, ರಾತ್ರಿ ಪಾಳಿಯ ಟೆಕ್ನೀಷಿಯನ್‌ಗೆ ನಿಂತು ಓದಿ ಹೇಳಿ. ಆಮೇಲೆ ಬೆಳಿಗ್ಗೆ ಫೋನ್ ಮಾಡಿದ ಸಿಸ್ಟರಿಗೆ ಒಂದು ಫೋನ್ ಮಾಡಿ. "ಆರನೇ ಬೆಡ್ ಮಾನಿಟರ್ ಬಂತಾ? ಬಿಪಿ ಸರಿ ತೋರಿಸುತ್ತಿದೆಯಾ?" ಹೌದು ಅಂದರೆ ಕಾಲ್ ಮುಚ್ಚಿ, ಸಮಯ ಹಾಕಿ. ಇಲ್ಲ ಅಂದರೆ ಪೆನ್ ಕೆಳಗಿಡಬೇಡಿ, ಏನಾಗುತ್ತಿದೆ ಅಂತ ಮತ್ತೆ ಕೇಳಿ ಬರೆದುಕೊಳ್ಳಿ.