ಗಾರ್ಟರ್ ಹಾವು ಗುರುತಿಸಲು ಬಣ್ಣ ಬಿಡಿ, ಹುರುಪೆ ಎಣಿಸಿ

ಸಿಯಾಟಲ್, ಬೆಲ್ವ್ಯೂ, ರೆಡ್ಮಂಡ್ ಕಡೆ ಹಿತ್ತಲಲ್ಲಿ ಮೈಯುದ್ದಕ್ಕೂ ಗೆರೆ ಇರುವ ಹಾವು ಕಂಡರೆ ಅದು ಗಾರ್ಟರ್ ಹಾವೇ. ಕಷ್ಟ ಶುರುವಾಗುವುದು ಅದು ಯಾವ ಗಾರ್ಟರ್ ಎಂದು ಕೇಳಿದಾಗ. ವಾಷಿಂಗ್ಟನ್ ರಾಜ್ಯದಲ್ಲಿ ಮೂರು ಜಾತಿಗಳಿವೆ: ಸಾಮಾನ್ಯ ಗಾರ್ಟರ್ (ಥಾಮ್ನೋಫಿಸ್ ಸಿರ್ಟಾಲಿಸ್), ವಾಯವ್ಯ ಗಾರ್ಟರ್ (ಥಾಮ್ನೋಫಿಸ್ ಆರ್ಡಿನಾಯ್ಡಿಸ್), ಪಶ್ಚಿಮದ ನೆಲ ಗಾರ್ಟರ್ (ಥಾಮ್ನೋಫಿಸ್ ಎಲಿಗನ್ಸ್). ಮೂರೂ ನಮ್ಮ ನೀರೊಳ್ಳೆಯ ಬಳಗದವು. ಆದರೆ ನೀರೊಳ್ಳೆ ಮೊಟ್ಟೆ ಇಡುತ್ತದೆ, ಇವು ಮರಿ ಹಾಕುತ್ತವೆ.

ಬಣ್ಣ ನೋಡಿ ಹೆಸರಿಡುವ ಅಭ್ಯಾಸವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ವಾಯವ್ಯ ಗಾರ್ಟರಿನ ಬೆನ್ನುಗೆರೆ ಕೆಂಪು, ಕಿತ್ತಳೆ, ಹಳದಿ, ನೀಲಿ ಛಾಯೆ ಏನೂ ಇರಬಹುದು, ಗೆರೆಯೇ ಇಲ್ಲದಿರಲೂಬಹುದು. ಒಂದೇ ತಾಯಿಯ ಮರಿಗಳೂ ಒಂದರಂತೆ ಒಂದು ಇರುವುದಿಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಹಾಲುಗಟ್ಟಿದಂತಾಗಿ ಮೈ ಮಂಕಾಗುತ್ತದೆ, ಆಗಂತೂ ಬಣ್ಣದ ಮಾತೇ ಬೇಡ.

ಬೇಕಾದದ್ದು ಸರಿಯಾದ ಫೋಟೋ. ಒಂದು ಮೀಟರ್ ದೂರದಿಂದ ಜೂಮ್ ಹಾಕಿ ತಲೆಯ ಎಡಬದಿ, ಬಲಬದಿ, ಮೈಯ ನಡುಭಾಗವನ್ನು ಪಕ್ಕದಿಂದ, ಕೊನೆಗೆ ಇಡೀ ಹಾವು ಮೇಲಿನಿಂದ. ತಲೆಯದ್ದನ್ನು ಮೊದಲು ತೆಗೆಯುತ್ತೇನೆ, ಯಾಕೆಂದರೆ ಹಾವು ಓಡುವಾಗ ಮೊದಲು ಮರೆಯಾಗುವುದು ಅದೇ. ಬಿಸಿಲು ಕಾಯಲು ಬಂದು ಇನ್ನೂ ಮೈ ಬೆಚ್ಚಗಾಗದ ಬೆಳಗಿನ ಹೊತ್ತು ಇದಕ್ಕೆ ಅನುಕೂಲ. ಹಾವಿನ ಮೇಲೆ ನಿಮ್ಮ ನೆರಳು ಬೀಳದಂತೆ ನಿಲ್ಲಿ.

ಆಮೇಲೆ ಮನೆಗೆ ಬಂದು ಎಣಿಕೆ. ಮೊದಲು ಮೇಲ್ದುಟಿಯ ಹುರುಪೆ. ಮೂತಿಯ ತುದಿಯಲ್ಲಿರುವ ಒಂಟಿ ಹುರುಪೆಯನ್ನು ಬಿಟ್ಟು ಅದರ ಪಕ್ಕದ್ದರಿಂದ ಬಾಯಿಯ ಮೂಲೆವರೆಗೆ ಎಣಿಸಬೇಕು. ಸಾಮಾನ್ಯ ಗಾರ್ಟರ್ ಮತ್ತು ವಾಯವ್ಯ ಗಾರ್ಟರಿಗೆ ಹೆಚ್ಚಾಗಿ 7, ನೆಲ ಗಾರ್ಟರಿಗೆ 8. ನೆಲ ಗಾರ್ಟರಿನಲ್ಲಿ 6ನೆಯದೂ 7ನೆಯದೂ ಉಳಿದವಕ್ಕಿಂತ ಎತ್ತರ. ತಪ್ಪುವುದು ಕೊನೆಯ ಹುರುಪೆಯಲ್ಲಿ. ಅದು ಬಾಯಿಯ ಮಡಿಕೆಯೊಳಗೆ ಅರ್ಧ ಅಡಗಿರುತ್ತದೆ, 8 ಇದ್ದದ್ದು 7 ಆಗಿಬಿಡುತ್ತದೆ. ಎರಡೂ ಬದಿಯ ಫೋಟೋ ಬೇಕು ಎನ್ನುವುದು ಇದಕ್ಕೇ. ಕೆಲವು ಹಾವುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಲೆಕ್ಕ ಬರುವುದೂ ಉಂಟು.

7 ಬಂದರೆ ಉಳಿದ ಎರಡು ಜಾತಿಗಳನ್ನು ಬೇರ್ಪಡಿಸುವುದು ಮೈ ಸುತ್ತಿನ ಸಾಲು. ಹೊಟ್ಟೆಯ ಅಗಲ ಹುರುಪೆಯನ್ನು ಸೇರಿಸದೆ, ಅದಕ್ಕೆ ತಾಗಿದ ಮೊದಲ ಸಾಲಿನಿಂದ ಓರೆಯಾಗಿ ಮೇಲೇರಿ ಬೆನ್ನಿನ ನಡುಸಾಲಿನವರೆಗೆ ಎಣಿಸಿ, ನಡುಸಾಲನ್ನೂ ಸೇರಿಸಿ. ಬಂದದ್ದನ್ನು ಎರಡರಷ್ಟು ಮಾಡಿ ಒಂದು ಕಳೆಯಿರಿ. 9 ಬಂದರೆ 17 ಸಾಲು: ಸಾಮಾನ್ಯವಾಗಿ ವಾಯವ್ಯ ಗಾರ್ಟರ್. 10 ಬಂದರೆ 19: ಸಾಮಾನ್ಯ ಗಾರ್ಟರ್. ನೆಲ ಗಾರ್ಟರಿಗೆ 19 ಅಥವಾ 21. ಎಣಿಸುವ ಜಾಗ ತಲೆಗೂ ಗುದದ್ವಾರಕ್ಕೂ ನಟ್ಟನಡುವೆ ಇರಲೇಬೇಕು. ಬಾಲದ ಕಡೆ ಹೋದಂತೆ ಸಾಲು ಕಡಿಮೆಯಾಗುತ್ತದೆ. ಅಲ್ಲಿ ಎಣಿಸಿದರೆ ಸಾಮಾನ್ಯ ಗಾರ್ಟರಿಗೂ 17 ಬರುತ್ತದೆ. ಆನ್‌ಲೈನಿನಲ್ಲಿ ಹಾಕುವ ಗುರುತುಗಳು ತಪ್ಪುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅಂದಾಜು.

ಎಣಿಕೆಗೆ ಆಗದ ಫೋಟೋ ಇದ್ದಾಗ ಮಾತ್ರ ಬೇರೆ ಲಕ್ಷಣಗಳತ್ತ ಹೋಗುತ್ತೇನೆ. ದೊಡ್ಡ ಕಣ್ಣು, ಕಪ್ಪು ಮೈ, ಹಸಿರುನೀಲಿ ಅಥವಾ ಹಳದಿ ಗೆರೆ ಇದ್ದು, ಹೆದರಿದಾಗ ನೀರಿಗೆ ಧುಮುಕಿದರೆ ಸಾಮಾನ್ಯ ಗಾರ್ಟರ್ ಕಡೆಗೆ ತೂಗುತ್ತದೆ. ಪುಟ್ಟ ತಲೆ, ಎರಡಡಿಯೊಳಗಿನ ಮೈ, ಚಿಪ್ಪಿಲ್ಲದ ಬಸವನಹುಳ, ಎರೆಹುಳ ಸಿಗುವ ಹುಲ್ಲಿನಂಚಿನ ವಾಸ, ಹೆದರಿದರೆ ಪೊದೆಗೆ ನುಗ್ಗುವ ಸ್ವಭಾವ ವಾಯವ್ಯ ಗಾರ್ಟರಿನದು. ಬೆನ್ನುಗೆರೆಯ ಅಂಚಿಗೆ ಕಪ್ಪು ಚುಕ್ಕೆಗಳು ನುಗ್ಗಿ ಗೆರೆ ಅಂಕುಡೊಂಕಾಗಿ ಕಂಡರೆ ನೆಲ ಗಾರ್ಟರ್.

ಹಿಡಿಯುವ ಅಗತ್ಯ ಬೀಳುವುದಿಲ್ಲ. ಹಿಡಿದರೆ ಗುದದ್ವಾರದಿಂದ ನಾರುವ ದ್ರವ ಬಿಡುತ್ತದೆ, ಸೋಪಿಗೂ ಬೇಗ ಹೋಗುವ ವಾಸನೆಯಲ್ಲ. ಸಾಮಾನ್ಯ ಗಾರ್ಟರ್ ಇಲ್ಲಿನ ಒರಟು ಚರ್ಮದ ನ್ಯೂಟ್ ಎಂಬ, ಹಲ್ಲಿಯಂತೆ ಕಾಣುವ ಉಭಯಚರವನ್ನು ತಿನ್ನುತ್ತದೆ. ಆ ನ್ಯೂಟಿನ ಮೈಯಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ. ನ್ಯೂಟನ್ನು ತಿಂದ ಹಾವಿನ ಪಿತ್ತಜನಕಾಂಗದಲ್ಲಿ ಆ ವಿಷ ವಾರಗಟ್ಟಲೆ ಉಳಿಯುತ್ತದೆ. ನಾಯಿ, ಬೆಕ್ಕು ಹಾವು ಹಿಡಿದು ತರುವ ಮನೆಯವರಿಗೆ ಈ ವಿಷಯ ಗೊತ್ತಿರಲಿ.

ಗೆರೆಯಿಲ್ಲದ ಹಾವುಗಳಲ್ಲಿ ಸಿಯಾಟಲ್ ಬದಿಯ ಕಡಲ ಕವಲು ಪ್ಯೂಜೆಟ್ ಸೌಂಡ್ ಸುತ್ತ ಮುಖ್ಯವಾದದ್ದು ರಬ್ಬರ್ ಬೋವಾ. ನಮ್ಮ ಮಣ್ಣುಮುಕ್ಕನನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನುಣುಪಾದ ಕಂದು ಮೈ, ಮೊಂಡು ಬಾಲ. ಗಾರ್ಟರಿನ ಹುರುಪೆಯ ನಡುವೆ ಏಣು ಇರುತ್ತದೆ, ಇದಕ್ಕೆ ಇಲ್ಲ.

ಕ್ಯಾಸ್ಕೇಡ್ ಬೆಟ್ಟ ದಾಟಿ ಯಾಕಿಮಾ, ವಾಂಟೇಜ್ ಕಡೆ ಹೋದರೆ ಲೆಕ್ಕವೇ ಬೇರೆ. ರಾಜ್ಯದಲ್ಲಿ ಮನುಷ್ಯನಿಗೆ ಅಪಾಯಕಾರಿಯಾದ ಒಂದೇ ವಿಷದ ಹಾವು, ಬಾಲದ ಗಿಲಕಿಯಿಂದ ಸದ್ದು ಮಾಡುವ ರ‍್ಯಾಟಲ್‌ಸ್ನೇಕ್, ಇರುವುದು ಆ ಕಡೆಗೆ. ವಿಷವಿಲ್ಲದ ಗೋಫರ್ ಹಾವು ತಲೆ ಚಪ್ಪಟೆ ಮಾಡಿ, ಬುಸುಗುಟ್ಟಿ, ಒಣ ಎಲೆಯಲ್ಲಿ ಬಾಲ ಅಲುಗಿಸಿ ಅದರಂತೆಯೇ ನಟಿಸುತ್ತದೆ. ಬಾಲದ ತುದಿ ನೋಡಿ: ಗೋಫರಿನದು ಚೂಪು. ಆದರೆ ರ‍್ಯಾಟಲ್‌ಸ್ನೇಕಿನ ಗಿಲಕಿ ಮುರಿದಿರಲೂಬಹುದು, ಮರಿಗೆ ಗಿಲಕಿಯ ಜಾಗದಲ್ಲಿ ಒಂದೇ ಗುಂಡಿ (ಬಟನ್) ಇರುತ್ತದೆ. ಸಂಶಯ ಇದ್ದರೆ ಆರೇಳಡಿ ಆಚೆಯೇ ನಿಂತು ಜೂಮ್ ಬಳಸಿ.

ಕಣ್ಣುಪಾಪೆ ಗುಂಡಗಿದ್ದರೆ ವಿಷವಿಲ್ಲ, ಲಂಬವಾಗಿದ್ದರೆ ವಿಷವಿದೆ ಎಂಬ ಸೂತ್ರ ಇಲ್ಲಿ ಬಹಳ ಓಡಾಡುತ್ತದೆ. ಆದರೆ ಲಂಬ ಪಾಪೆಯ ರಬ್ಬರ್ ಬೋವಾಕ್ಕೆ ವಿಷವಿಲ್ಲ. ಊರಿಗೆ ರಜೆಗೆ ಹೋದಾಗಂತೂ ಈ ಸೂತ್ರ ಜೀವಕ್ಕೇ ಕುತ್ತು: ನಾಗರಹಾವು, ಕಟ್ಟುಹಾವು ಎರಡಕ್ಕೂ ಪಾಪೆ ಗುಂಡಗೇ.

ಹಾವು ಸಿಗದೆ ಬಿಟ್ಟ ಪೊರೆ ಮಾತ್ರ ಸಿಕ್ಕರೂ ಕೆಲಸವಾಗುತ್ತದೆ. ಬೆಚ್ಚಗಿನ ನೀರಲ್ಲಿ ನೆನೆಸಿ, ಕಪ್ಪು ಕಾಗದದ ಮೇಲೆ ಹರಡಿದರೆ ಏಣು, ಸಾಲು ಎಲ್ಲ ಸ್ಪಷ್ಟ. ಗುದದ್ವಾರ ಮುಚ್ಚುವ ಹುರುಪೆ ಇಡಿಯಾಗಿದ್ದರೆ ಗಾರ್ಟರ್ ಇರಬಹುದು, ಎರಡಾಗಿ ಸೀಳಿದ್ದರೆ ಅಲ್ಲ. ಪೊರೆಯ ಉದ್ದವನ್ನು ಹಾವಿನ ಉದ್ದ ಎಂದು ಬರೆಯಬೇಡಿ, ಕಳಚುವಾಗ ಅದು ಹಿಗ್ಗಿರುತ್ತದೆ.