ಸೂರ್ಯ ನೆತ್ತಿಗೆ ಬರುವುದು ಎರಡೂ ನಲವತ್ತಕ್ಕೆ

ಧರ್ಮಸ್ಥಳಕ್ಕೆ ಶಿವರಾತ್ರಿ ಪಾದಯಾತ್ರೆ ಹೋದವರಿಗೆ ಬಿಸಿಲಿನ ಲೆಕ್ಕ ಗೊತ್ತೇ ಇರುತ್ತದೆ. ಕತ್ತಲಲ್ಲೇ ಹೊರಡಬೇಕು, ಹನ್ನೊಂದರೊಳಗೆ ನೆರಳು ಸೇರಬೇಕು, ಬಿಸಿಲು ಇಳಿದ ಮೇಲೆ ಮತ್ತೆ ಹೆಜ್ಜೆ ಹಾಕಬೇಕು. ಜುಲೈನಲ್ಲಿ ಸ್ಪೇನಿನ ಗಲಿಸಿಯಾ ಕರಾವಳಿಗೆ ನಾನು ಹೊತ್ತುಕೊಂಡು ಹೋದದ್ದೂ ಇದೇ ಲೆಕ್ಕ.

ಸಂತ ಯಾಕೋಬನ ಸಮಾಧಿ ಇದೆಯೆಂದು ಕ್ರೈಸ್ತರು ನಂಬುವ ಸಾಂತಿಯಾಗೊಗೆ, ಪೋರ್ಚುಗಲ್‌ನ ಪೋರ್ತೊದಿಂದ ಕಡಲಂಚಿನಲ್ಲೇ ಸಾಗುವ ಕಾಮಿನೊ, ಅಂದರೆ ಯಾತ್ರೆಯ ಕಾಲುದಾರಿ, ಅದು. ಮಿನ್ಯೊ ನದಿ ದಾಟಿದರೆ ಸ್ಪೇನ್, ಗಡಿಯಾರ ಒಂದು ಗಂಟೆ ಮುಂದೆ. ಆ ದಿನದ ನಡಿಗೆ ಆ ಗ್ವಾರ್ದಾದಿಂದ ಬಯೋನಾಗೆ, ಸುಮಾರು 30 ಕಿಲೋಮೀಟರ್. ಎಷ್ಟೋ ಜನ ನಡುವೆ ಓಯಾದಲ್ಲಿ ತಂಗಿ ಎರಡು ದಿನ ಮಾಡುತ್ತಾರೆ. ಬೇಸಿಗೆಯಲ್ಲಿ ಅದೇ ಸರಿ.

6:15ಕ್ಕೆ ಹೊರಟೆ. ಟಾರ್ಚ್ ಬೆಳಕಲ್ಲಿ ಹಳದಿ ಬಾಣದ ಗುರುತು ಹುಡುಕುತ್ತಾ ನಡೆದೆ. ದಾರಿ ಉತ್ತರಕ್ಕಿದೆ: ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಗುಡ್ಡದ ಸಾಲು. ಸೂರ್ಯ ಹುಟ್ಟುವುದು ಗುಡ್ಡದಾಚೆ, ಹಾಗಾಗಿ ಬೆಳಕು ಹರಿದು ಎಷ್ಟೋ ಹೊತ್ತಿನವರೆಗೆ ದಾರಿ ತಂಪಾಗಿರುತ್ತದೆ. ಇಡೀ ದಿನಕ್ಕೆ ಸಿಕ್ಕ ಒಳ್ಳೆಯ ನೆರಳು ಅದೇ.

ಹತ್ತರ ಸುಮಾರಿಗೆ ಓಯಾ. ಸಮುದ್ರಕ್ಕೆ ಮುಖ ಮಾಡಿ ನಿಂತ 12ನೇ ಶತಮಾನದ ಮಠ ಕಂಡಾಗ ಕಾಲು ತಾನೇ ನಿಂತಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಇದೇ ಮಠವನ್ನು ಸೆರೆಶಿಬಿರ ಮಾಡಿದ್ದರು. ಕೈದಿಗಳು ಗೋಡೆಯ ಮೇಲೆ ಬರೆದದ್ದು ಇಂದಿಗೂ ಉಳಿದಿದೆ. ಪ್ರಾರ್ಥನೆಯ ಜಾಗದಲ್ಲಿ ಆ ಸಂಕಟವನ್ನು ನೆನೆದು ಬಹಳ ಹೊತ್ತು ಕೂತೆ.

ಆಮೇಲೆ ಶೂ ಬಿಚ್ಚಿ ನೀರಿಗಿಳಿದದ್ದು ಮೊದಲ ತಪ್ಪು. ನೆನೆದ ಚರ್ಮ ಮೆತ್ತಗಾಗಿತ್ತು, ಬೆರಳ ಸಂದಿಯಲ್ಲಿ ಮರಳು ಉಳಿದಿತ್ತು, ಒಣಗುವ ಮೊದಲೇ ಸಾಕ್ಸ್ ಹಾಕಿದೆ. ಐದು ಕಿಲೋಮೀಟರಿನಲ್ಲಿ ಹಿಮ್ಮಡಿಗೆ ಬೊಬ್ಬೆ.

ಎರಡನೆಯದು ದೊಡ್ಡದು. ಮಧ್ಯಾಹ್ನ ನೆರಳಲ್ಲಿ ಮಲಗಿ, ಸುಡುಬಿಸಿಲು ಕಳೆಯಿತೆಂದು ಎರಡಕ್ಕೆ ಎದ್ದು ಹೊರಟೆ. ಗಲಿಸಿಯಾ ಇರುವುದು ಸ್ಪೇನಿನ ಪಶ್ಚಿಮದ ತುದಿಯಲ್ಲಿ, ಗಡಿಯಾರ ಮಾತ್ರ ಮಧ್ಯ ಯುರೋಪಿನದು. ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ಗಂಟೆ ಸೇರಿಸುತ್ತಾರೆ. ಸೂರ್ಯ ನೆತ್ತಿಗೆ ಬರುವುದೇ 2:40ರ ಹೊತ್ತಿಗೆ! ನಾನು ಎದ್ದು ಹೊರಟದ್ದು ನಡುಮಧ್ಯಾಹ್ನದೊಳಕ್ಕೇ.

ಅದು ತಕ್ಷಣ ತಿಳಿಯಲೂ ಇಲ್ಲ, ಕಾರಣ ಗಾಳಿ. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ತಂಪುಗಾಳಿ ಬೀಸುತ್ತದೆ, ನೇರ ಮುಖಕ್ಕೆ. ಬೆವರು ಚರ್ಮದ ಮೇಲೆ ನಿಲ್ಲುವುದಿಲ್ಲ, ಬಾಯಾರಿದ್ದು ಅರಿವಿಗೆ ಬರುವುದಿಲ್ಲ. ಮಂಗಳೂರಿನ ಸೆಕೆಯಲ್ಲಾದರೆ ಒದ್ದೆ ಅಂಗಿಯೇ ನೀರು ಕುಡಿ ಎನ್ನುತ್ತದೆ. ಮೌಗಾಸ್ ಎಂಬ ಊರು ತಲುಪುವಾಗ ತಲೆ ಸಿಡಿಯುತ್ತಿತ್ತು. ಬಾಟಲಿ ನೋಡಿದರೆ ಅರ್ಧ ಹಾಗೇ ಇದೆ. ಊರಿಂದ ತಂದಿದ್ದ ಓಆರ್‌ಎಸ್ ಕದಡಿ ಗುಟುಕು ಗುಟುಕಾಗಿ ಕುಡಿದೆ, ಒಂದು ಗೋಡೆಯ ಬುಡದಲ್ಲಿ ಒಂದೂವರೆ ಗಂಟೆ ಕೂತೆ. ಬೊಬ್ಬೆಯನ್ನು ಒಡೆಯದೆ ಮೇಲೆ ಟೇಪ್ ಸುತ್ತಿದೆ. ಅಂದಿನಿಂದ ಬಾಯಾರಿಕೆಗೆ ಕಾಯುವುದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿಯುತ್ತೇನೆ. ಹೊರಡುವ ಹಿಂದಿನ ರಾತ್ರಿ ಆ ಊರಿನ ಸೂರ್ಯೋದಯ, ಸೂರ್ಯಾಸ್ತ ನೋಡಿ ಅವೆರಡರ ನಟ್ಟನಡುವಿನ ಹೊತ್ತನ್ನು ಕೈಪುಸ್ತಕದಲ್ಲಿ ಬರೆದಿಡುತ್ತೇನೆ. ಅದೇ ನಿಜವಾದ ಮಧ್ಯಾಹ್ನ.

ಮುಂದಿನ ಏರು ನಿಧಾನವಾಗಿ ಮುಗಿಯಿತು. ಬಯೋನಾ ತಲುಪಿದಾಗ ಎಂಟು ದಾಟಿತ್ತು. ಕೊಲಂಬಸನ ಪಿಂಟಾ ಹಡಗು 1493ರ ಮಾರ್ಚ್ 1ರಂದು ಅಮೆರಿಕದ ಸುದ್ದಿ ಹೊತ್ತು ಬಂದು ಸೇರಿದ ಬಂದರು ಇದು. ಯಾತ್ರಿಪತ್ರಕ್ಕೆ ಮುದ್ರೆ ಹಾಕಿಸಿಕೊಂಡು ದಂಡೆಗೆ ಬಂದು ಕೂತೆ. ಎಡಗೆನ್ನೆ, ಎಡಗೈ ಮಾತ್ರ ಕೆಂಪಾಗಿದ್ದವು. ಮಧ್ಯಾಹ್ನವೆಲ್ಲ ಬಿಸಿಲು ಬಿದ್ದದ್ದು ಕಡಲ ಕಡೆಯಿಂದ. ರಾತ್ರಿ ಹತ್ತಾಗುತ್ತಿತ್ತು, ಸೂರ್ಯ ಇನ್ನೂ ನೀರಿನ ಮೇಲೆಯೇ ಇದ್ದ.